ಗದಿಗೆಪ್ಪನವರ ಜಿಂಕೆ ಬೇಟೆ

ಟೆಕ್ಸಸ್ಸಿನ ಶುಗರ್ ಲ್ಯಾಂಡ್ ಎಂಬ ಊರಿನ ಗದಿಗೆಪ್ಪನವರದು ಎರಡು ಹೊಟ್ಟೆಯ ಸಂಸಾರ. ಮನೆಯಲ್ಲಿ ಹೆಂಡತಿ ಶಾಂತವ್ವ ಬಡಿದ ರೊಟ್ಟಿ, ಎಣ್ಣೆಗಾಯಿ ಉಣ್ಣುವ ಹೊಟ್ಟೆ ಒಂದು. ತೈಲ ಕಂಪನಿಗಳಿಗೆ ವಾಲ್ವ್ ಮಾರುವ ನೆಪದಲ್ಲಿ ಆಸ್ಟಿನ್ನಿಗೆ ಹೋದಾಗ ಹೊಗೆಯಲ್ಲಿ ಬೆಂದ ಕುರಿಯ ಪಕ್ಕೆಲುಬು ಚೀಪುವ ಹೊಟ್ಟೆ ಇನ್ನೊಂದು. ಮೊದಲನೆಯದಕ್ಕೆ ಎರಡನೆಯದರ ಸುದ್ದಿ ಗೊತ್ತಿರಲಿಲ್ಲ. ಸಾಲದ್ದಕ್ಕೆ ಅವರು ಕನ್ನಡ ಸಂಘದ ಊಟದ ಸಮಿತಿಗೆ ಅಧ್ಯಕ್ಷರು. ಯುಗಾದಿಗೆ ತಂದ ಕೇಕಿನಲ್ಲಿ ಮೊಟ್ಟೆಯ ಅನುಮಾನ ಬಂದರೂ ಸಾಕು, ಡಬ್ಬಿ ವಾಪಸು ಕಳಿಸುತ್ತಿದ್ದರು.

ಇಂಥವರಿಗೆ ಕಾಲಿನ್ ಎಂಬ ಇಂಗ್ಲೆಂಡಿನ ಗಿರಾಕಿಯಿಂದ ಕರೆ ಬಂತು. ಯಾರ್ಕ್‌ಶೈರಿನಲ್ಲಿ ಅವನಿಗೆ ಹೊಲ, ಕಾಡು ಇವೆ. ಅಲ್ಲಿ ಏಪ್ರಿಲ್ ಬಂತೆಂದರೆ ರೋ ಎಂಬ ಜಾತಿಯ ಗಂಡು ಜಿಂಕೆಗಳ ಬೇಟೆಯ ಕಾಲ. ಮೇ ತಿಂಗಳಲ್ಲಿ ಬಾ, ಆದರೆ ನಿಮ್ಮ ಟೆಕ್ಸಸ್ಸಿನ ಹಾಗೆ ಮೆಕ್ಕೆಜೋಳ ಚೆಲ್ಲಿ ಅಟ್ಟಣಿಗೆಯ ಮೇಲೆ ಕಾಯುವುದಲ್ಲ, ಗಾಳಿಗೆ ಎದುರಾಗಿ ನೆಲಕ್ಕಂಟಿಕೊಂಡು ತೆವಳಬೇಕು ಎಂದ.

ಗದಿಗೆಪ್ಪನವರು ಮರುದಿನದಿಂದಲೇ ಹಿತ್ತಲಿನ ಹುಲ್ಲಿನ ಮೇಲೆ ಅಭ್ಯಾಸ ಶುರು ಮಾಡಿದರು.

ಅಡುಗೆಮನೆಯ ಕಿಟಕಿಯಿಂದ ಶಾಂತವ್ವ ಕೂಗಿದರು. "ಏನ್ ಕಳಕೊಂಡೀರಿ?"

"ಏನಿಲ್ಲ. ಯೋಗ. ಮಕರಾಸನ."

"ಮಕರಾಸನದಾಗ ಮುಂದ ಸರೀತಾರೇನ್ರಿ?"

"ಇದು ಅಡ್ವಾನ್ಸ್ಡ್ ಐತಿ."

ಮೇ ತಿಂಗಳು ಬಂದಾಗ ವ್ಯಾಪಾರದ ಕೆಲಸವೆಂದು ಹೇಳಿ ಗದಿಗೆಪ್ಪನವರು ವಿಮಾನ ಹತ್ತಿದರು.

ಯಾರ್ಕ್‌ಶೈರಿನ ಮೊದಲ ಬೆಳಗು ಅವರ ಪ್ಯಾಂಟು ಮಂಡಿಯವರೆಗೆ ಇಬ್ಬನಿಯಲ್ಲಿ ತೊಯ್ದುಹೋಯಿತು. ಮುಂದೆ ಕಾಲಿನ್ ಬೆಕ್ಕಿನಂತೆ ಸರಿಯುತ್ತಿದ್ದ. ಹಿಂದೆ ಗದಿಗೆಪ್ಪನವರ ಮೊಣಕಾಲು ಲಟಕ್ ಲಟಕ್ ಎನ್ನುತ್ತಿತ್ತು. ಗೋಧಿ ಹೊಲದ ಅಂಚಿಗೆ ಬಂದಾಗ ಕಾಲಿನ್ ಕೈ ಎತ್ತಿದ. ಎದುರಿಗೆ ಕೆಂಗಂದು ಮೈಯ ಗಂಡು ಜಿಂಕೆ, ತಲೆಯ ಮೇಲೆ ಗೇಣುದ್ದದ ಕೋಡು. ಟೆಕ್ಸಸ್ಸಿನ ಭಾರೀ ಜಿಂಕೆಗಳನ್ನು ಕಂಡವರಿಗೆ ಮೊದಲು ನಿರಾಸೆಯೇ ಆಯಿತು. 'ಇದೇನ, ನಮ್ಮೂರ ಆಡಿನಷ್ಟ ಐತಲ್ಲ' ಎಂದುಕೊಂಡರು. ಆದರೆ ಅದು ಎಳೆ ಗೋಧಿಯ ನಡುವೆ ಕಾಲೆತ್ತಿ ಇಡುವ ನಾಜೂಕು ನೋಡುತ್ತ ನೋಡುತ್ತ ಎದೆ ಡವಗುಟ್ಟಿತು. ಕವಲುಕೋಲಿನ ಮೇಲೆ ಬಂದೂಕು ಕೂತಿತು. ಬೆರಳು ಟ್ರಿಗರ್‌ಗೆ ಹೋಯಿತು.

"ಬೌ!"

ಗದಿಗೆಪ್ಪನವರು ಬೆಚ್ಚಿ ಹಿಂದೆ ನೋಡಿದರು. ನಾಯಿ ಇರಲಿಲ್ಲ. ಮತ್ತೊಮ್ಮೆ "ಬೌ!" ಬಂದಾಗ ತಿಳಿಯಿತು, ಬೊಗಳಿದ್ದು ಜಿಂಕೆಯೇ. ಆ ಗಾಬರಿಗೆ ಹಿಮ್ಮಡಿ ಜಾರಿ ತುರಿಕೆ ಸೊಪ್ಪಿನ ಪೊದೆಯಲ್ಲಿ ಕುಕ್ಕರಬಡಿದು ಕೂತರು. ಬೊಗಳುತ್ತಲೇ ಜಿಂಕೆ ಕಾಡು ಸೇರಿತು. ಕಾಲಿನ್ ನೆಲದ ಮೇಲೆ ಉರುಳಾಡಿ ನಕ್ಕ.

ಉಳಿದ ದಿನಗಳಲ್ಲೂ ಬೇಟೆ ಕೈಗೆ ಬರಲಿಲ್ಲ. ಬೇಟೆಗಾರನೊಬ್ಬನಿಗೆ ಮಾತ್ರ ಅವರೇ ಸಿಕ್ಕಿದ್ದರು. ಮೊಣಕಾಲ ಹಿಂದೆ ಎಳ್ಳಿನಷ್ಟು ಗಾತ್ರದ, ರಕ್ತ ಹೀರುವ ಉಣ್ಣೆ ಹುಳವೊಂದು ಕಚ್ಚಿಕೊಂಡಿತ್ತು. ಕಿತ್ತೆಸೆದು ಮರೆತರು.

ಜುಲೈ ತಿಂಗಳು. ಮಧ್ಯಾಹ್ನ ಆಸ್ಟಿನ್ನಿನಲ್ಲಿ ಪಕ್ಕೆಲುಬಿನ ಭರ್ಜರಿ ಊಟ ಮುಗಿಸಿ, ಸಂಜೆ ಸಂಘದ ಮಕ್ಕಳಿಗೆ ಸಾತ್ವಿಕ ಆಹಾರದ ಮಹತ್ವ ಹೇಳಲು ವೇದಿಕೆ ಹತ್ತಿದರು. "ಸೊಪ್ಪು ತಿನ್ನವ್ರ ಮಾರಿ ನೋಡ್ರಿ, ಹೆಂಗ ಹೊಳೀತದ" ಎನ್ನುವಷ್ಟರಲ್ಲಿ ಅವರ ಮುಖವೇ ಬದನೆಕಾಯಿಯಂತೆ ಊದತೊಡಗಿತು. ಮೈತುಂಬ ದದ್ದು, ಉಬ್ಬಸ. ಮುಂದಿನ ಸಾಲಿನಲ್ಲಿದ್ದ ಅಲರ್ಜಿ ಡಾಕ್ಟರ್ ಅನುರಾಧಾ ಓಡಿಬಂದು ಬ್ಯಾಗಿನಲ್ಲಿದ್ದ ಇಂಜೆಕ್ಷನ್ ಚುಚ್ಚಿ ಆಸ್ಪತ್ರೆಗೆ ಸಾಗಿಸಿದರು.

ರಕ್ತಪರೀಕ್ಷೆಯ ಫಲಿತಾಂಶ ಬಂದಮೇಲೆ ಗಂಡ ಹೆಂಡತಿ ಇಬ್ಬರೂ ಅನುರಾಧಾ ಅವರ ಮುಂದೆ ಕೂತರು.

"ಅಂಕಲ್, ಈಚೆಗೆ ಜಿಂಕೆ ಓಡಾಡೋ ಕಡೆ ಹೋಗಿದ್ರಾ? ಉಣ್ಣೆ ಕಚ್ಚಿದ ಮೇಲೆ ಕೆಲವರಿಗೆ ಮಾಂಸದ ಅಲರ್ಜಿ ಬರತ್ತೆ. ಇನ್ನು ಕುರಿ, ಹಂದಿ, ಜಿಂಕೆ, ಯಾವುದೂ ತಿನ್ನೋ ಹಾಗಿಲ್ಲ."

ಶಾಂತವ್ವ ಮೆಲ್ಲಗೆ ಕೇಳಿದರು. "ಡಾಕ್ಟ್ರ, ತಿಂದ್ರಷ್ಟ ಹಿಂಗ ಆಗ್ತದೋ, ಬರೇ ನೋಡಿದ್ರೂ ಆಗ್ತದೋ?"

ಅನುರಾಧಾ ಕಂಪ್ಯೂಟರ್ ಪರದೆಯನ್ನೇ ನೋಡುತ್ತ ಹೇಳಿದರು. "ತಿಂದ್ರೆ ಮಾತ್ರ, ಆಂಟಿ."

ಕಾರಿನಲ್ಲಿ ಗದಿಗೆಪ್ಪನವರು ಎಲ್ಲ ಒಪ್ಪಿಕೊಂಡರು. ಆಸ್ಟಿನ್, ಬಂದೂಕು, ಹಿತ್ತಲಿನ ತೆವಳಾಟ, ತುರಿಕೆ ಸೊಪ್ಪು. ಹೆಂಡತಿ ಅಳಬಹುದು, ಇಲ್ಲವೇ ಬೈಯಬಹುದು ಎಂದು ಕಾದರು.

"ಆಸ್ಟಿನ್‌ನಿಂದ ಬಂದಾಗೊಮ್ಮೆ ನಿಮ್ಮ ಅಂಗಿ ಹೊಗಿ ವಾಸನಿ ಹೊಡೀತಿತ್ತು," ಎಂದರು ಶಾಂತವ್ವ. "ಮೀಟಿಂಗ್ ಒಲಿ ಮುಂದ ಮಾಡ್ತಾರಂತ ನಾ ತಿಳ್ಕೊಂಡಿದ್ದೆ ಅಂದ್ಕೊಂಡೀರೇನು? ನಾ ಬಿಡಿಸ್ಲಿಕ್ಕೆ ಆಗದ್ದನ್ನ ಒಂದು ಉಣ್ಣಿ ಬಿಡಿಸ್ತಲ್ಲ, ಅದರ ಮಾರಿ ಒಮ್ಮೆ ನೋಡ್ಬೇಕ್ರಿ ನಾನು." ಸ್ವಲ್ಪ ದೂರ ಹೋದಮೇಲೆ, "ಜಿಂಕಿ ಖರೇನ ಬೊಗಳ್ತಾವೇನು?" ಎಂದು ಕೇಳಿದರು. ಗದಿಗೆಪ್ಪನವರು ಸ್ಟಿಯರಿಂಗ್ ಹಿಡಿದುಕೊಂಡೇ ಬೊಗಳಿ ತೋರಿಸಿದರು. ಶಾಂತವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮುಂದಿನ ಮೇ ತಿಂಗಳಿಗೆ ಇಬ್ಬರಿಗೂ ಟಿಕೆಟ್ ಬುಕ್ ಆಯಿತು. ಬಂದೂಕು ಬೇಡವೆಂದು ಶಾಂತವ್ವ ಮೊದಲೇ ಹೇಳಿದ್ದರು. ಬೈನಾಕ್ಯುಲರ್ ಸಾಕು. ಯಾರ್ಕ್‌ಶೈರಿನಲ್ಲಿ ಇಬ್ಬರೂ ಉಣ್ಣೆ ಹತ್ತದಂತೆ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು ಹೊರಟರು. ಶಾಂತವ್ವನವರ ಹೆಜ್ಜೆ ಎಷ್ಟು ಹಗುರವೆಂದರೆ ಕಾಲಿನ್ ಅವರನ್ನೇ ಮುಂದೆ ಬಿಟ್ಟ. ಬೇಲಿಯ ತಿರುವಿನಲ್ಲಿ, ಕಲ್ಲೆಸೆತದ ದೂರದಲ್ಲಿ, ಗಂಡು ಜಿಂಕೆಯೊಂದು ಕೋಡನ್ನು ಎಳೆ ಮರಕ್ಕೆ ಉಜ್ಜುತ್ತಿತ್ತು.

"ಶಾಂತಾ, ಅಲ್ನೋಡು..." ಎಂದು ಗದಿಗೆಪ್ಪನವರು ಬಾಯಿ ತೆರೆದರು.

ಶಾಂತವ್ವ ತಿರುಗಿಯೂ ನೋಡದೆ ಕೈ ಹಿಂದೆ ಚಾಚಿ ಆ ಬಾಯಿ ಮುಚ್ಚಿದರು.