ಕಾಶಪ್ಪ ಮಾಮಾನ ಕರೆಂಟಿನ ಡಬ್ಬಿ

ಕಾಶಪ್ಪ ಮಾಮಾ ಯಾವ ಪುಸ್ತಕ ಕೊಟ್ಟರೂ ಹಿಂದಿನ ರಟ್ಟಿನಿಂದಲೇ ತೆರೆಯುತ್ತಿದ್ದರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ಬಾಯಿತುಂಬ ಕನ್ನಡ ಮಾತಾಡಿದರೂ ಓದಲು ಒಂದಕ್ಷರ ಬರುತ್ತಿರಲಿಲ್ಲ. ಬಲದಿಂದ ಎಡಕ್ಕೆ ಹೋಗುವ ಚಾಳಿ ಬರವಣಿಗೆಗಷ್ಟೇ ನಿಂತಿರಲಿಲ್ಲ, ಮೈಗೇ ಇಳಿದಿತ್ತು. ಗಡ್ಡ ಹೆರೆಯುವುದೂ ಬಲಗೆನ್ನೆಯಿಂದ, ಅಂಗಡಿಯ ಕಸ ಗುಡಿಸುವುದೂ ಬಲಮೂಲೆಯಿಂದ.

ಬೀದರಿನ ನಮ್ಮ ಓಣಿಯಲ್ಲಿ ಅವರದು ರೇಡಿಯೋ ರಿಪೇರಿಯ ಅಂಗಡಿ. ಎದುರುಮನೆಯವರು, ಆದ್ದರಿಂದ ಮಾಮಾ. ಬ್ಯಾಟರಿ ಸೆಲ್ಲು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಗೋಡಿಯಾಗ ಬಿಜಲಿ ಹರೀಲಿಕ್ಕತ್ತದ, ನೀವು ಡಬ್ಬಿಯಾಗಿನ ಬಿಜಲಿ ತರ್ತೀರಿ. ಮನಿಯಾಗ ಬಾವಿ ಇಟ್ಕೊಂಡು ನೀರು ಖರೀದಿ ಮಾಡ್ದಂಗ ಆಯ್ತು ನೋಡ್ರಿ!"

ಹಾಗೆಂದು ನಮ್ಮ ಅವ್ವನ ಟಾರ್ಚನ್ನೂ ಬಿಡಲಿಲ್ಲ. ಅದರ ಬಲ್ಬು ಬದಲಿಸಿ, ಹತ್ತು ಗಜ ವೈರು ಕಟ್ಟಿ ಗೋಡೆಯ ಕರೆಂಟಿಗೆ ಹಚ್ಚಿಕೊಟ್ಟರು. ಅದೇ ವಾರ ಕರೆಂಟು ಹೋಯಿತು. ಅವ್ವ ಟಾರ್ಚಿನ ಗುಂಡಿ ಒತ್ತಿದಳು, ಒತ್ತಿದಳು, ಬೆಳಕೆಲ್ಲಿಂದ ಬರಬೇಕು?

"ಕರೆಂಟು ಹ್ವಾದಾಗ ಬೇಕಾಗೋದು ಟಾರ್ಚ್ ಅಲ್ಲೇನೋ ಕಾಶಪ್ಪಾ?" ಎಂದು ಅವ್ವ ಅವರ ಅಂಗಡಿಗೇ ಹೋಗಿ ಕೇಳಿದಳು.

ಮಾಮಾ ತಲೆ ಕೆರೆದುಕೊಂಡರು. "ಆ ಮಾತು ಖರೇ ಅದ್ರಿ ಅಕ್ಕಾ. ಆದ್ರ ಸೆಲ್ಲಿನ ರೊಕ್ಕ ಉಳೀತಲ್ರಿ!"

ಇಂಥವರ ಕೈಗೆ ಅಪ್ಪ ತಮ್ಮ ರೇಡಿಯೋ ಕೊಟ್ಟರು. ಅಪ್ಪ ಕನ್ನಡ ಮಾಸ್ತರರು. ಬೀದರಿಗೆ ಬರುವ ಮೊದಲು ಭಾತಂಬ್ರಾದಲ್ಲಿ ಮಕ್ಕಳನ್ನು ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಅಕ್ಷರ ತಿದ್ದಿಸಿದವರು. ಕರೆಂಟಿಲ್ಲದ ಆ ಹಳ್ಳಿಯಲ್ಲಿ ಕೊಂಡ ರೇಡಿಯೋ, ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆ ಬ್ಯಾಟರಿ ಸತ್ತದ್ದು ಯಾವಾಗ? ಬೀದರ ಮೈಸೂರು ರಾಜ್ಯಕ್ಕೆ ಸೇರುವ ಮುನ್ನಾ ವಾರ! ಹೊಸದು ಹೈದರಾಬಾದಿನಿಂದ ಬರಬೇಕು.

"ಬೀದರ ಸೇರಿತು ಅನ್ನೋ ಮಾತು ನಾ ಕನ್ನಡದಾಗ ಕೇಳಬೇಕು. ನನ್ನ ಕಿವೀಲೇ ಕೇಳಬೇಕು," ಎಂದರು ಅಪ್ಪ. ಅವರು ಅಷ್ಟು ಆಸೆಪಟ್ಟದ್ದನ್ನು ನಾನು ಕಂಡೇ ಇರಲಿಲ್ಲ.

"ಫಿಕರ್ ಮಾಡಬ್ಯಾಡ್ರಿ ಮಾಸ್ತರ್," ಎಂದ ಮಾಮಾ, ಬೀದರ ಸೇರುವ ಹಿಂದಿನ ದಿನ ಸಂಜೆ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದಿಟ್ಟರು. ಗೋಡೆಯ ಕರೆಂಟನ್ನು ರೇಡಿಯೋಗೆ ತಕ್ಕಂತೆ ಇಳಿಸುವ ಡಬ್ಬಿಯಂತೆ. ಒಳಗೆ ತಂತಿ ಸುತ್ತಿದ ಕಬ್ಬಿಣ, ಹೊರಗೆ ಅಕ್ಕಪಕ್ಕ ಎರಡು ತೂತು. "ಮೊದಲನೇ ತೂತಿಗಿ ಗೋಡೀದು, ಎರಡನೇದಕ್ಕ ರೇಡಿಯೋ. ಇಷ್ಟ ನೋಡ್ರಿ."

ಬೆಳಿಗ್ಗೆ ಓಣಿಯ ಜನವೆಲ್ಲ ನಮ್ಮ ಪಡಸಾಲೆಯಲ್ಲಿ. ಹೈಸ್ಕೂಲು ಮುಗಿಸಿದ್ದ ಜಾಣೆ ನಾನು, ಗತ್ತಿನಿಂದ ಎಡಗಡೆಯ ತೂತಿಗೆ ಗೋಡೆಯ ವೈರು, ಬಲಗಡೆಯದಕ್ಕೆ ರೇಡಿಯೋದ್ದು ಸೇರಿಸಿ ಗುಂಡಿ ಒತ್ತಿದೆ. ಟಪ್ಪೆಂದಿತು. ಡಬ್ಬಿಯಿಂದ ಹೊಗೆ. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಳುತ್ತಲೇ ಎದುರುಮನೆಗೆ ಓಡಿದೆ.

ಮಾಮಾ ಬಂದರು. ಬಲಗೆನ್ನೆ ನುಣ್ಣಗೆ, ಎಡಗೆನ್ನೆಯ ತುಂಬ ಸಾಬೂನಿನ ನೊರೆ!

"ಮೊದಲನೇ ತೂತಿಗೇ ಹಚ್ಚೀನಿ ಮಾಮಾ," ಎಂದು ಎಡಗಡೆ ತೋರಿಸಿದೆ.

"ಅದು ಹ್ಯಾಂಗ ಬೇಟಾ ಮೊದಲನೇದು? ಇದಲ್ಲೇನು?" ಎಂದು ಅವರು ಬಲಗಡೆಯದರ ಮೇಲೆ ಬೆರಳಿಟ್ಟರು.

ಅಪ್ಪ ಮಾಮಾನ ಬೆರಳು ನೋಡಿದರು, ನನ್ನ ಬೆರಳು ನೋಡಿದರು. ಮೊದಲು ನಕ್ಕವರು ಅವರೇ. ಮಾಮಾನೂ ನೊರೆ ಹಾರಿಸುತ್ತ ನಕ್ಕರು. "ಇಂಥ ಶಾಣ್ಯಾರು ಸಿಗ್ತಾರಂತ ಒಳಗ ಒಂದು ಸಣ್ಣ ಫ್ಯೂಜ್ ತಂತಿ ಇಟ್ಟಿದ್ದೆ. ಅದೊಂದೇ ಸುಟ್ಟದ, ರೇಡಿಯೋ ಆರಾಮ್ ಅದ."

ಹೊಸ ತಂತಿ ಬಿಗಿದು, ಬಲಗಡೆ ಗೋಡೆಯ ವೈರು ಹಚ್ಚಿದರು. ಗರಗರ ಸದ್ದಿನ ನಡುವೆ ಕನ್ನಡ ಬಂತು, ಮೈಸೂರು ರಾಜ್ಯ ಬಂತು, ಜಿಲ್ಲೆಗಳ ಸಾಲಿನಲ್ಲಿ ಬೀದರ ಎಂಬ ಹೆಸರೂ ಬಂತು. ಅಪ್ಪ ಅಷ್ಟು ಜನರೆದುರೇ ಗಳಗಳ ಅತ್ತರು. ಮಾಮಾನ ಎಡಗೆನ್ನೆಯ ನೊರೆ ಒಣಗಿ ಹೋಗಿತ್ತು.

"ನನಗೂ ನಿಮ್ಮ ಅಕ್ಷರ ಕಲಿಸ್ರಿ ಮಾಸ್ತರ್. ಇಲ್ಲಂದ್ರ ಈ ಪೋರಿ ಊರಿಗೇ ಬೆಂಕಿ ಹಚ್ತಾಳ," ಎಂದರು. ಮರುದಿನದಿಂದಲೇ ಪಾಟಿ ಹಿಡಿದು ಬಂದರು, ಆರು ತಿಂಗಳಲ್ಲಿ ಓದತೊಡಗಿದರು.

ನಾನು ಕೊನೆಯ ಸಲ ಅವರನ್ನು ಕಂಡದ್ದು ಎಷ್ಟೋ ವರ್ಷಗಳ ಮೇಲೆ ಭಾಲ್ಕಿಯಲ್ಲಿ, ಅವರು ತಮ್ಮ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಾಗ. ಒಂದು ಕನ್ನಡ ಕಾದಂಬರಿ ಒಯ್ದಿದ್ದೆ. ಸೊರಗಿದ ಕೈಯಲ್ಲಿ ಅದನ್ನು ಹಿಂದಿನ ರಟ್ಟಿನಿಂದಲೇ ತೆರೆದರು.

"ಇನ್ನೂ ಅದೇ ಚಾಳಿ ಏನ್ ಮಾಮಾ? ಈಗ ಓದಲಿಕ್ಕ ಬರ್ತದಲ್ಲ ನಿಮಗ?"

"ಬರ್ತದಲ್ಲ ಬೇಟಾ," ಎಂದರು. ಕೊನೆಯ ಪುಟದ ಮೇಲೆ ಬೆರಳಿಟ್ಟು, ಎಡದಿಂದ ಬಲಕ್ಕೆ, ಒಂದೊಂದೇ ಸಾಲು ಓದಿ ಮುಗಿಸಿ ನನ್ನತ್ತ ನೋಡಿ ನಕ್ಕರು. "ಚೊಲೋ ಮುಗದದ. ಫಿಕರ್ ಮಾಡಬ್ಯಾಡ."