ಒದ್ದೆ ನೆಲದ ಮೇಲಿನ ಬಲಗಾಲು

ಬೆಳಗಿನ ಐದೂವರೆ. ಆಸ್ಪತ್ರೆಯ ಬೆನ್ನು ವಿಭಾಗದ ಕಾರಿಡಾರಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಹೊರಬಾಗಿಲ ಚಿಲಕ ಇನ್ನೂ ತೆಗೆದಿಲ್ಲ. ಐವತ್ತೆರಡರ ಹೆಂಗಸೊಬ್ಬರು ಚಪ್ಪಲಿ ಕಳಚಿಟ್ಟು, ನೆಲ ಒರೆಸುವ ಕೋಲು ಹಿಡಿದು, ಬರಿಗಾಲಲ್ಲಿ ಹಿಂದಹಿಂದಕ್ಕೆ ಸರಿಯುತ್ತಿದ್ದಾರೆ. ಒರೆಸಿದ ಜಾಗವನ್ನು ತುಳಿಯದಿರಲು ಹೀಗೆ ಹಿಮ್ಮುಖವಾಗಿಯೇ ನಡೆಯಬೇಕು, ತಮ್ಮ ಹೆಜ್ಜೆಯನ್ನು ತಾವೇ ಅಳಿಸಿಕೊಂಡು ಹೋಗಬೇಕು. ಹತ್ತೊಂಬತ್ತು ವರ್ಷ ಹೀಗೆ ಒರೆಸಿದ ಮೇಲೂ ಇವರಿಗೆ ತಮ್ಮ ಹೆಜ್ಜೆಯ ಗುರುತು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಕಾರಿಡಾರಮ್ಮ ಎಂದು. ಕಾರಿಡಾರು ಇವರ ಲೆಕ್ಕದಲ್ಲಿ ಈ ತುದಿಯಿಂದ ಆ ತುದಿಗೆ ತೊಂಬತ್ತೊಂದು ಹೆಜ್ಜೆ, ದಿನಕ್ಕೆ ನಾಲ್ಕು ಸಲ ಒರೆಸಬೇಕು. ಏಳು ಗಂಟೆಗೆ ಬಾಗಿಲು ತೆಗೆದರೆ ಮಧ್ಯಾಹ್ನದೊಳಗೆ ನೂರಿಪ್ಪತ್ತು ಜನ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಿರುತ್ತಾರೆ. ವಾರವಿಡೀ ಬಂದವರಲ್ಲಿ ಮೇಲಿನ ಮಹಡಿಗೆ, ಅಂದರೆ ಆಪರೇಷನ್ನಿಗೆ, ಹೋಗುವವರು ಐದೋ ಆರೋ ಮಂದಿ. ಹೋದ ವರ್ಷ ಅವರಲ್ಲಿ ಕಾರಿಡಾರಮ್ಮನೂ ಒಬ್ಬರಾದರು. ಬಲಗಾಲು ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಮೊದಲು ಕಂಡುಹಿಡಿದದ್ದು ಡಾಕ್ಟರೂ ಅಲ್ಲ, ಯಂತ್ರವೂ ಅಲ್ಲ.

ಬಾಗಿಲು ತೆಗೆಯುವ ಹೊತ್ತಿಗೆ ನೆಲ ಪೂರ್ತಿ ಆರಿರುವುದಿಲ್ಲ. ಮೊದಮೊದಲು ಬಂದವರ ಹೆಜ್ಜೆ ಅದರ ಮೇಲೆ ಅಚ್ಚೊತ್ತಿದ ಹಾಗೆ ಮೂಡುತ್ತದೆ. ಜನ ಒಳಕೋಣೆಗೆ ಹೋಗಿಬಿಟ್ಟ ಮೇಲೂ ಅವರ ಹೆಜ್ಜೆಗಳು ಹೊರಗೆ ಸಾಲುಗಟ್ಟಿ ನಿಂತಿರುತ್ತವೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಕಾರಿಡಾರಮ್ಮ ಮಾತ್ರ ಅದನ್ನು ಪೇಪರ್ ಓದಿದಷ್ಟು ಸಲೀಸಾಗಿ ಓದುತ್ತಾರೆ.

"ಸೊಂಟ ನೋವಿನವರ ಹೆಜ್ಜೆ ಚಿಕ್ಕದಾಗಿರುತ್ತೆ, ಆದ್ರೆ ಎರಡೂ ಕಾಲು ಒಂದೇ ಥರ. ಅಂಥವರಿಗೆ ಹೆದರಿಕೆ ಜಾಸ್ತಿ, ಅಪಾಯ ಕಮ್ಮಿ. ಒಂದು ಕಾಲಿನ ಮುಂದೆ ಮಾತ್ರ ಉಜ್ಜಿದ ಗೆರೆ ಇದ್ರೆ ಪಾದ ಮೇಲಕ್ಕೆ ಏಳ್ತಿಲ್ಲ ಅಂತ. ಆಗ ಒಳಗೆ ಹೋಗಿ ಹೇಳ್ತೀನಿ."

ಬೆನ್ನಿನ ಸರ್ಜನ್ ಮೊದಲ ಸಲ ಇದನ್ನು ಕೇಳಿ ನಕ್ಕಿದ್ದರಂತೆ. ಈಗ ಕೋಣೆಗೆ ಹೋಗುವ ಮುಂಚೆ ತಾವೇ ನಿಂತು, "ನೆಲ ಏನನ್ನುತ್ತಮ್ಮ?" ಎಂದು ಕೇಳುತ್ತಾರೆ. "ಇವರು ಹೇಳಿದ್ರು ಅಂತ ಯಾರಿಗೂ ಆಪರೇಷನ್ ಮಾಡಲ್ಲ. ಸಾಲಿನಲ್ಲಿ ಯಾರನ್ನ ಮೊದಲು ಕರೀಬೇಕು ಅಂತ ಗೊತ್ತಾಗುತ್ತೆ, ಅಷ್ಟೆ" ಎನ್ನುತ್ತಾರೆ ಆ ಡಾಕ್ಟರಮ್ಮ. ಅಷ್ಟೇ ಎನ್ನುವುದು ಡಾಕ್ಟರುಗಳ ಅಭ್ಯಾಸ, ಅದನ್ನು ನಾವು ನಂಬಬೇಕಾಗಿಲ್ಲ.

ಈ ಕಾರಿಡಾರಿನಲ್ಲಿ ಎಲ್ಲರನ್ನೂ ಹೆದರಿಸುವ ಮಾತೊಂದಿದೆ, ಸವೆತ. ಸ್ಕ್ಯಾನಿನ ಕೆಳಗೆ ಡಿಸ್ಕ್ ಸವೆದಿದೆ ಎಂದು ಬರೆದದ್ದೇ ತಡ, ಗಟ್ಟಿಮುಟ್ಟಾದ ಆಳೂ ಗೋಡೆ ಹಿಡಿದು ನಡೆಯತೊಡಗುತ್ತಾನೆ. ಆರು ವರ್ಷದ ಹಿಂದೆ ಕಾರಿಡಾರಮ್ಮನ ಗತಿಯೂ ಅದೇ. ಸೊಂಟ ಹಿಡಿದುಕೊಂಡಿತ್ತು. ದೀಪದ ಹಲಗೆಯ ಮೇಲೆ ಅವರ ಬೆನ್ನಿನ ಚಿತ್ರ ಬೆಳಗಿದಾಗ ಕೆಳಗಿನ ಎರಡು ಡಿಸ್ಕುಗಳು ಕಪ್ಪಾಗಿ, ಚಪ್ಪಟೆಯಾಗಿದ್ದವು. "ನನ್ನೊಳಗೆ ಯಾರೋ ಮುದುಕಿ ಕೂತಿದಾಳೆ ಅನ್ನಿಸ್ತು" ಎನ್ನುತ್ತಾರೆ. ಕೊಯ್ದು ಸರಿಮಾಡಿ ಎಂದು ಡಾಕ್ಟರಮ್ಮನಿಗೆ ದುಂಬಾಲು ಬಿದ್ದರು.

ಡಾಕ್ಟರಮ್ಮ ಒಪ್ಪಲಿಲ್ಲ. ನೋವೇ ಇಲ್ಲದ ಎಷ್ಟೋ ಜನರ ಚಿತ್ರವೂ ಈ ವಯಸ್ಸಿಗೆ ಹೀಗೇ ಇರುತ್ತದೆ, ಬರೀ ಚಿತ್ರ ನೋಡಿ ಕತ್ತಿ ಹಿಡಿಯುವುದಿಲ್ಲ, ಕಾಲಿನಲ್ಲಿ ಶಕ್ತಿ ಇದೆ, ಮೂತ್ರದ ಹಿಡಿತ ಸರಿಯಿದೆ, ನಡೆಯಿರಿ, ವ್ಯಾಯಾಮ ಮಾಡಿ, ಮೂರು ತಿಂಗಳು ನೋಡೋಣ ಎಂದರು. ಕಾರಿಡಾರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ವಾರವಿಡೀ ಡಾಕ್ಟರಮ್ಮನ ಕೋಣೆ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದರಂತೆ. ಆದರೂ ವ್ಯಾಯಾಮ ಬಿಡಲಿಲ್ಲ. ನಾಲ್ಕನೆಯ ತಿಂಗಳಿಗೆ ಬಕೆಟ್ ಎತ್ತುವಷ್ಟಾದರು.

ಹೋದ ವರ್ಷ ನೋವು ಮತ್ತೆ ಬಂತು. ಈ ಸಲ ಸೊಂಟದಿಂದ ಬಲಗಾಲಿಗೆ ಇಳಿದು ಮೂರು ವಾರ ಕಣ್ಣೀರು ಹಾಕಿಸಿತು. ಹಿಂದಿನ ಸಲದಂತೆ ಇದೂ ಹೋಗುತ್ತದೆ ಎಂದು ಹಲ್ಲು ಕಚ್ಚಿಕೊಂಡು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಎದ್ದರೆ ಕಾಲುನೋವು ಇರಲೇ ಇಲ್ಲ. "ಪೀಡೆ ತೊಲಗಿತು ಅಂದ್ಕೊಂಡೆ. ಹಾಡಿಕೊಂಡು ಒರೆಸ್ತಿದ್ದೆ" ಎನ್ನುತ್ತಾರೆ.

ಅದಾದ ಮರುದಿನ ಅವರಿಂದ ಒಂದು ತಪ್ಪಾಯಿತು. ಒರೆಸುತ್ತ ಈ ತುದಿಗೆ ಬಂದ ಮೇಲೆ, ಜಾರುತ್ತದೆ ಎಂದು ಎಚ್ಚರಿಸುವ ಹಳದಿ ಹಲಗೆಯನ್ನು ಆ ತುದಿಯಲ್ಲಿ ಇಡಲು ಮರೆತದ್ದು ನೆನಪಾಯಿತು. ಒದ್ದೆ ನೆಲದ ಮೇಲೆಯೇ ನಡೆದುಹೋಗಿ ಹಲಗೆ ಇಟ್ಟು ತಿರುಗಿದರು. ಕಾರಿಡಾರಿನುದ್ದಕ್ಕೂ ಹೆಜ್ಜೆಗಳಿದ್ದವು. ಎಡಗಾಲು ಪೂರ್ತಿ ಮೂಡಿತ್ತು. ಪ್ರತಿ ಬಲ ಹೆಜ್ಜೆಯ ಜೊತೆಗೂ, ಯಾರೋ ಬೆರಳಿನಿಂದ ಎಳೆದ ಹಾಗೆ, ಒಂದು ಗೆರೆ.

"ಯಾರ್ರೀ ಅದು?" ಎಂದರು. ತಮ್ಮ ಹೆಜ್ಜೆಯನ್ನೇ ಎಂದೂ ನೋಡಿರದವರಿಗೆ ಅದು ತಮ್ಮದಿರಬಹುದೆಂದು ಹೊಳೆಯಲಿಲ್ಲ. ರೋಗಿ ಯಾರೋ ಬೇಗ ಬಂದಿರಬೇಕು ಎಂದುಕೊಂಡು ಹೊರಬಾಗಿಲು ನೋಡಿದರು, ಚಿಲಕ ಹಾಕಿದ ಹಾಗೇ ಇತ್ತು. ಸ್ಕ್ಯಾನ್ ಕೋಣೆ, ವ್ಯಾಯಾಮದ ಕೋಣೆ, ಪರದೆಯ ಹಿಂದೆ, ಎಲ್ಲೂ ನರಪಿಳ್ಳೆಯಿಲ್ಲ. ಹೊರಗೆ ಬಂದರೆ ಹೆಜ್ಜೆಗಳು ಹೆಚ್ಚಾಗಿದ್ದವು. ಪ್ರತಿ ಕೋಣೆಯ ಬಾಗಿಲಿಗೂ ಹೋಗಿ ಬಂದಿದ್ದವು. ಕಾಲೆಳೆಯುವ ಯಾವುದೋ ಜೀವ ತಮ್ಮ ಬೆನ್ನಿಗೇ ಬಿದ್ದಿದೆ ಅನ್ನಿಸಿತು. ಕೊನೆಯ ಹೆಜ್ಜೆ ಎಲ್ಲಿದೆ ಎಂದು ಹುಡುಕುತ್ತ ಬಂದವರು ಬಗ್ಗಿ ತಮ್ಮ ಪಾದದ ಪಕ್ಕವನ್ನೇ ನೋಡಿದರು. "ಆಗ ಬಲ ಹೆಬ್ಬೆರಳನ್ನ ಎತ್ತು ಅಂತ ಕಾಲಿಗೆ ಹೇಳಿದೆ. ಅದು ಕೇಳಿಸಿಕೊಳ್ಳಲೇ ಇಲ್ಲ. ಬೇರೆ ಯಾರದೋ ಕಾಲು ನೋಡಿದ ಹಾಗಾಯ್ತು."

ಡಾಕ್ಟರಮ್ಮ ಬಂದೊಡನೆ ಪಾದ ಒತ್ತಿ ನೋಡಿದರು, ಕೂರುವ ಜಾಗ ಮರಗಟ್ಟಿದೆಯೇ, ಮೂತ್ರ ಕಟ್ಟಿದೆಯೇ ಎಂದು ಕೇಳಿದರು. ಇಲ್ಲ ಎಂದ ಮೇಲೆ ಉಸಿರು ಬಿಟ್ಟರು. ಆದರೆ ಹೊಸ ಸ್ಕ್ಯಾನ್ ನೋಡಿ, ನಾಳೆಯೇ ಆಪರೇಷನ್ ಆಗಬೇಕು ಎಂದರು. "ಡಿಸ್ಕಿನ ಚೂರು ನರವನ್ನ ಒತ್ತಿ ಹಿಡಿದಿದೆ. ನರ ಎಷ್ಟು ಸೋತಿದೆ ಅಂದ್ರೆ, ನೋವಾಗ್ತಿದೆ ಅಂತ ಹೇಳೋದನ್ನೂ ಬಿಟ್ಟಿದೆ."

ಮನೆಯಲ್ಲಿ ಗಂಡ ಸುತರಾಂ ಒಪ್ಪಲಿಲ್ಲ. ಬೀಗ ರಿಪೇರಿ ಮಾಡುವ ಮನುಷ್ಯ, ಮಾತು ಕಡಿಮೆ, ಅನುಮಾನ ಹೆಚ್ಚು. "ನೋವಿದ್ದಾಗ ಬೇಡ ಅಂದ್ರು, ನೋವು ಹೋದ ಮೇಲೆ ಬೇಕು ಅಂತಾರೆ. ಇದ್ಯಾವ ನ್ಯಾಯ ಕಣೆ?" ಎಂದರು. ಹೆಂಡತಿ ವಾದಕ್ಕೆ ಹೋಗಲಿಲ್ಲ. ಒಂದು ಚೊಂಬು ನೀರನ್ನು ಹಜಾರದಲ್ಲಿ ಸುರಿದು, ಬಟ್ಟೆಯಿಂದ ಹರಡಿ, ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದರು. ಗಂಡ ಕುಕ್ಕರಗಾಲಲ್ಲಿ ಕೂತು ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು. ನೀರು ಆರುತ್ತ ಬಂದು ಹೆಜ್ಜೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಆಮೇಲೆ ಎದ್ದು, "ಬಟ್ಟೆ ಬ್ಯಾಗು ಎಲ್ಲಿಟ್ಟಿದೀಯ?" ಎಂದು ಕೇಳಿದರು.

ಬೆನ್ನು ಹೊಸದಾಗುವುದಿಲ್ಲ, ಇದು ಕಾಲು ಉಳಿಸಿಕೊಳ್ಳಲು ಮಾತ್ರ, ಅದೂ ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ, ತಡ ಮಾಡಿದಷ್ಟೂ ಬರುವುದು ಕಡಿಮೆ ಎಂದು ಡಾಕ್ಟರಮ್ಮ ಮೊದಲೇ ಬಿಚ್ಚಿ ಹೇಳಿದ್ದರು. ಆಪರೇಷನ್ ಆದ ಹನ್ನೆರಡನೆಯ ದಿನ ಹೆಬ್ಬೆರಳು ಕೂದಲೆಳೆಯಷ್ಟು ಅಲುಗಿತು. ಪಾದ ಇಳಿಬೀಳದಂತೆ ಹಿಡಿಯುವ ಪಟ್ಟಿಯನ್ನು ಐದು ತಿಂಗಳು ಕಟ್ಟಿಕೊಂಡರು. ಈಗ ಕೆಲಸಕ್ಕೆ ಮರಳಿ ನಾಲ್ಕು ತಿಂಗಳು. ಬಕೆಟ್ಟಿಗೆ ಚಕ್ರ ಬಂದಿದೆ, ಕೋಲು ಉದ್ದವಾಗಿದೆ.

ಏಳಕ್ಕೆ ಐದು ನಿಮಿಷವಿದೆ. ಕಾರಿಡಾರಮ್ಮ ಒರೆಸಿ ಮುಗಿಸಿ, ಬೇಕೆಂದೇ ಒದ್ದೆ ನೆಲದ ಮೇಲೆ ಹತ್ತು ಹೆಜ್ಜೆ ನಡೆದು ತಿರುಗಿ ನೋಡುತ್ತಾರೆ. ಒಂಬತ್ತು ಹೆಜ್ಜೆ ಸ್ವಚ್ಛವಾಗಿವೆ. ಹತ್ತನೆಯದರ ಜೊತೆಗೆ ಎಳೆಯಷ್ಟು ಸಣ್ಣ ಗೆರೆಯಿದೆ. ಹೊರಗೆ ಜನ ಆಗಲೇ ಬಾಗಿಲು ಬಡಿಯುತ್ತಿದ್ದಾರೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ ಅವರು ನೆಲದಿಂದ ಕಣ್ಣು ಕೀಳದೆ ಉತ್ತರಿಸುತ್ತಾರೆ.

"ಈಗ ಯಾರು ನೋಡಿದ್ರೂ ಇದು ಇವಳದೇ ಹೆಜ್ಜೆ ಅಂತ ಹೇಳಬಹುದು. ಹಾಗೆ ಗುರುತು ಸಿಗಬಾರದು. ಅಷ್ಟು ಜನರ ಹೆಜ್ಜೆ ಮಧ್ಯೆ ನನ್ನದು ಯಾವುದು ಅಂತ ನನಗೇ ಗೊತ್ತಾಗಬಾರದು."