ಹತ್ತು ಕೈಗಳಲ್ಲಿ ಒಂದು ಕೋಲು

ಮೈದಾ ಅಂಟು ಕುದಿಯುವಾಗ ಬರುವ ವಾಸನೆ ಒಳ್ಳೆಯದೆಂದು ನಾನು ಯಾರಿಗೂ ಹೇಳಲಾರೆ. ಬೆಂದ ಹಿಟ್ಟಿನ ಸಪ್ಪೆ ವಾಸನೆ, ಜೊತೆಗೆ ಹುಳ ಹಿಡಿಯದಿರಲೆಂದು ಹಾಕುವ ಮೈಲುತುತ್ತದ ಘಾಟು. ನಿನ್ನೆ ಹಳೇ ಡಬ್ಬಿಯೊಂದರಲ್ಲಿ ಅಂಟು ಕಾಯಿಸಲಿಟ್ಟು, ತೊಡೆಯ ಮೇಲೆ ಒಂದು ರಟ್ಟಿನ ಕೈ ಇಟ್ಟುಕೊಂಡು ಕೂತಿದ್ದೆ. ಅದರ ಬೆರಳುಗಳ ಕಾಗದ ಎದ್ದುಬಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ತುಂಬಿ ಬಂತು... ಒಲೆ ಆರಿಸುವುದು ಮರೆತು ಅಂಟು ತಳ ಹಿಡಿಯಿತು.

ಆ ಕೈ ಮಾಡಿದವರು ನಾಟಕದ ದೀದಿ. ಶನಿವಾರಗಳಂದು ಊರಿನ ಇನ್ನೊಂದು ಬದಿಯ ಖಿದಿರ್‌ಪುರದಿಂದ ಬಸ್ಸು ಹಿಡಿದು, ಬಗಲಲ್ಲಿ ರಟ್ಟಿನ ಹೊರೆ, ಬಾಯಲ್ಲಿ ಪಾನು ಇಟ್ಟುಕೊಂಡು ನಮ್ಮ ಶಾಲೆಗೆ ಬರುತ್ತಿದ್ದರು. ವೇಳಾಪಟ್ಟಿಯಲ್ಲಿ ಅವರ ತರಗತಿಗೆ ‘ಅಂಗವಿಕಲರ ಬಗ್ಗೆ ತಿಳಿವಳಿಕೆ’ ಎಂಬ ಗಂಭೀರ ಹೆಸರಿತ್ತು. ಅವರು ಮಾಡಿಸುತ್ತಿದ್ದದ್ದು ಮಾತ್ರ ಗೊಂಬೆ, ಮುಖವಾಡ, ನಾಟಕ. ಅದಕ್ಕೂ ಮೊದಲು ‘ಕೇಳುವ ಹೊತ್ತು’ ಎಂದು ಒಂದಿರುತ್ತಿತ್ತು. ಯಾರ ಕಣ್ಣು, ಕಿವಿ, ಕೈಕಾಲಿನ ಬಗ್ಗೆಯಾದರೂ ಅವರನ್ನೇ ನೇರವಾಗಿ ಕೇಳಬಹುದು. ಕೇಳಿಸಿಕೊಂಡವರು ಉತ್ತರ ಹೇಳಬಹುದು, ಇಲ್ಲವೇ ‘ಹೇಳುವುದಿಲ್ಲ’ ಎನ್ನಬಹುದು. ಎರಡೂ ದೀದಿಗೆ ಸರಿಯೇ.

ಹುಟ್ಟಿನಿಂದ ಬಲಗಾಲು ಸೊರಗಿ ಕೋಲು ಹಿಡಿದು ನಡೆಯುವ ನನಗೆ ಸಹಜವಾಗಿಯೇ ಹೆಚ್ಚು ಪ್ರಶ್ನೆಗಳು. ಮಳೆಯಲ್ಲಿ ಕೋಲು ಜಾರುವುದಿಲ್ಲವೇ? ಕನಸಿನಲ್ಲೂ ಕುಂಟುತ್ತೀಯಾ? ಅಲ್ಲಿಯವರೆಗೆ ಜನ ನನ್ನ ಕಾಲಿನ ವಿಷಯವನ್ನು ನನ್ನ ತಲೆಯ ಮೇಲಿಂದ ಅಮ್ಮನ ಹತ್ತಿರ ಕೇಳುತ್ತಿದ್ದರು. ನನ್ನನ್ನೇ ಕೇಳಿದ್ದು ಅದೇ ಮೊದಲು. ಎಷ್ಟು ಖುಷಿಯಾಗಿತ್ತೆಂದರೆ, ಕನಸಿನ ಬಗ್ಗೆ ವಾರಕ್ಕೊಂದು ಸುಳ್ಳು ಕಟ್ಟಿ ಹೇಳುತ್ತಿದ್ದೆ.

ಆ ವರ್ಷ ದುರ್ಗಾಪೂಜೆಯ ರಜೆಗೆ ಮುಂಚೆ ಶಾಲೆಯಲ್ಲಿ ನಾಟಕವಿತ್ತು. ಕಥೆಯನ್ನು ಟೀಚರುಗಳೇ ಬರೆದಿದ್ದರು. ಕುಂಟ ಹುಡುಗಿಯೊಬ್ಬಳು ಪೆಂಡಾಲಿನ ಮೆಟ್ಟಿಲು ಹತ್ತಲಾಗದೆ ಅಳುತ್ತಾಳೆ, ದುರ್ಗೆ ವರ ಕೊಡುತ್ತಾಳೆ, ಹುಡುಗಿ ಕೋಲು ಬಿಸಾಡಿ ಕುಣಿಯುತ್ತಾಳೆ. ಆ ಪಾತ್ರ ನನ್ನದೇ ಎಂದು ನಾನು ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಕೊಟ್ಟದ್ದು ಎರಡೂ ಕಾಲು ನೆಟ್ಟಗಿದ್ದ ಗೆಳತಿಗೆ. ಕೋಲು ಬಿಸಾಡಿದರೆ ನಾನು ಬಿದ್ದುಬಿಡುತ್ತೇನಲ್ಲ! ನನ್ನನ್ನು ಮರ ಮಾಡಿದರು. ಮರಕ್ಕೆ ಮಾತಿರಲಿಲ್ಲ.

ಮೈತುಂಬ ಎಲೆ ಕಟ್ಟಿಕೊಂಡು ನಿಂತಿದ್ದ ನನ್ನನ್ನು ನೋಡಿ ದೀದಿ, “ಇವಳ್ಯಾಕೆ ಮರ?” ಎಂದರು. ಕಾರಣ ಕೇಳಿ ಮೊದಲು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಸಿಟ್ಟು ಬಂತು. “ಗುಣ ಆಗದವರಿಗೆ ನಿಮ್ಮ ನಾಟಕದಲ್ಲಿ ಜಾಗವೇ ಇಲ್ವಾ?” ಎಂದವರೇ ಕೊನೆಯ ದೃಶ್ಯ ಬದಲಾಯಿಸಿದರು. ಹುಡುಗಿ ಹತ್ತಲಾರಳು, ದೇವಿಯೇ ಇಳಿದು ಬರಲಿ. ದೇವಿ ಯಾರೆಂದರೆ, ನಾನು.

ಹೆಡ್‌ಮಿಸ್ಟ್ರೆಸ್ ಅನುಮಾನಿಸಿದರು. ತಾಯಿ ಒಪ್ಪಿದರೆ ಸರಿ, ಇಲ್ಲವಾದರೆ ಮರವೇ ಎಂದರು. ಅಮ್ಮ ಒಪ್ಪಬೇಕಲ್ಲ! ನಮ್ಮ ಮೂಲ ಊರು ಉಡುಪಿಯಿಂದ ಯಾವ ನೆಂಟರು ಬಂದರೂ ಕಾಳಿಘಾಟ್‌ಗೆ ಕರೆದೊಯ್ದು, ಕಾಳಿಯ ಗುಡಿಯಲ್ಲಿ ನನ್ನ ಕಾಲು ನೆಟ್ಟಗಾಗಲೆಂದು ಮತ್ತೊಮ್ಮೆ ಹರಕೆ ಹೊರುತ್ತಿದ್ದವಳು ಅವಳು. “ಭಿನ್ನ ಆದ ಮೂರ್ತಿಗೆ ಪೂಜೆ ಉಂಟಾ? ಕುಂಟುವ ದೇವಿ ಅಂದ್ರೆ ಜನ ಎಂತ ಹೇಳಿಯಾರು?” ಎಂದು ಅಪ್ಪನ ಮೇಲೆ ರೇಗಿದಳು. ನಾನು ಊಟ ಬಿಟ್ಟು ಮಲಗಿದೆ.

ಮರುದಿನ ದೀದಿ ನಮ್ಮ ಉಡುಪಿ ಹೋಟೆಲಿನ ಅಡುಗೆಮನೆಗೇ ಬಂದರು. ನಾಟಕದ ಮಾತೇ ಎತ್ತಲಿಲ್ಲ. ಕಾಫಿ ಕುಡಿದು, ಒಂದಿಷ್ಟು ಮೈದಾ ಕೇಳಿ, ಒಲೆಯ ಮುಂದೆ ಅಂಟು ಕಾಯಿಸಲು ಕೂತರು. ಅದು ಗಂಟುಗಂಟಾಯಿತು. ಅಮ್ಮನಿಗೆ ಯಾರ ಕೈಯಲ್ಲಿ ಗಂಟಾದರೂ ಸಹಿಸಲಾಗದು. ಸೌಟು ಕಿತ್ತುಕೊಂಡು ತಾನೇ ತಿರುವತೊಡಗಿದಳು. ದೀದಿ ರಟ್ಟಿನ ಕೈಗಳಿಗೆ ಚಕ್ರ, ಶಂಖ, ಬಿಲ್ಲು ಎಲ್ಲ ಅಂಟಿಸಿದರು. ಆಮೇಲೆ ಅಮ್ಮನನ್ನು ಅತ್ತಿಗೆಯನ್ನು ಕರೆಯುವಂತೆ ಕರೆದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: “ಬೌದಿ, ಎಲ್ಲ ಕೈಗೂ ಆಯುಧ ಆಯ್ತು. ಇವಳ ಸ್ವಂತ ಬಲಗೈ ಉಳಿದಿದೆ. ದಿನಾ ಇವಳನ್ನ ಬೀಳದ ಹಾಗೆ ಕಾಯೋದು ಯಾವುದು? ಅದನ್ನೇ ಕೊಡೋಣ.”

ಅಮ್ಮ ಬಹಳ ಹೊತ್ತು ತಿರುವುತ್ತಲೇ ಇದ್ದಳು. ಕಡೆಗೆ ಒಲೆ ಆರಿಸಿ, ನನ್ನ ಕಡೆ ತಿರುಗಿ, “ಸೀರೆ ಯಾವುದು ಉಡಿಸುವುದು ಮಗಾ?” ಎಂದಳು.

ನಾಟಕದ ದಿನ ನನ್ನ ಎರಡು ಕೈಗಳ ಜೊತೆಗೆ ಬೆನ್ನಿಗೆ ಎಂಟು ರಟ್ಟಿನ ಕೈ, ಮೈಗೆ ಅಮ್ಮನ ಮದುವೆಯ ಸೀರೆ. ಮೆಟ್ಟಿಲ ತುದಿಯಲ್ಲಿ ನಿಂತೆ. ಒಂದು ಮೆಟ್ಟಿಲು ಇಳಿದೆ, ಕೋಲಿನ ಸದ್ದು ಎಲ್ಲರಿಗೂ ಕೇಳಿತು. ಆಗಲೇ ಒಂದು ರಟ್ಟಿನ ಕೈ ಕಳಚಿ ಬಿತ್ತು. ಅಲ್ಲೇ ಕಲ್ಲಾಗಿ ನಿಂತೆ. ಪರದೆಯ ಮರೆಯಿಂದ ದೀದಿಯ ಒಡಕು ದನಿ ಬಂತು: “ಒಂಬತ್ತು ಸಾಕು, ಇಳಿ.”

ನಗು ಬಂದುಬಿಟ್ಟಿತು. ನಗುತ್ತಲೇ ಇಳಿದೆ. ನನಗಿದ್ದ ಮಾತು ಒಂದೇ: “ನೀನು ಬರಲಾಗದಿದ್ದರೆ ನಾನೇ ಬರುತ್ತೇನೆ.” ಜೋರಾಗಿಯೇ ಹೇಳಿದೆ.

ಕೆಲವು ದಿನಗಳಲ್ಲಿ ಆಯುಧ ಪೂಜೆ ಬಂತು. ಹೋಟೆಲಿನಲ್ಲಿ ರುಬ್ಬುವ ಯಂತ್ರ, ಸೌಟು, ಈಳಿಗೆ, ದೋಸೆಕಲ್ಲು ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದ ಅಮ್ಮ, ಗೋಡೆಗೆ ಒರಗಿಸಿದ್ದ ನನ್ನ ಕೋಲನ್ನು ತಂದು ಆ ಸಾಲಿನಲ್ಲಿ ಮಲಗಿಸಿ ಹೂವಿಟ್ಟಳು. ಕಾಳಿಘಾಟ್‌ಗೆ ಹೋಗುವುದನ್ನು ಅವಳು ಬಿಡಲಿಲ್ಲ. ಅಲ್ಲಿ ನನ್ನ ಕಾಲಿನ ವಿಷಯ ಎತ್ತುವುದನ್ನು ಬಿಟ್ಟಳು.

ಈ ಮಳೆಗಾಲದಲ್ಲಿ ದೀದಿ ಹೋಗಿಬಿಟ್ಟರು. ನನಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು... ಕೊನೆಗೊಮ್ಮೆ ಆ ಒಡಕು ದನಿಯಲ್ಲಿ ಬೈಸಿಕೊಳ್ಳುವ ಭಾಗ್ಯವೂ ಸಿಗಲಿಲ್ಲ. ಅವರ ಶನಿವಾರಗಳನ್ನು ಈಗ ನಾನು ನಡೆಸುತ್ತೇನೆ. ನನ್ನ ಚೀಲದಲ್ಲಿ ಯಾವತ್ತೂ ಇರುವುದು ಅಂದು ಬಿದ್ದ ಆ ಕೈ.

ಇವತ್ತು ಆಯುಧ ಪೂಜೆ. ಅಂಟು ಒಣಗಿದ ಕೈಯನ್ನು ಕೋಲಿನ ಪಕ್ಕ ಇಟ್ಟೆ. ಅಮ್ಮ ಅದನ್ನು ನೋಡಿ, ಅದರ ಅಂಗೈಗೆ ಕುಂಕುಮ ಹಚ್ಚಿದಳು. ರಜೆ ಮುಗಿದ ಶನಿವಾರ ಹೊಸ ಶಾಲೆ, ಹೊಸ ಮಕ್ಕಳು. ಅವರಲ್ಲಿ ಯಾರಾದರೂ ಮೆಟ್ಟಿಲ ಮೇಲೆ ಹೆದರಿ ನಿಂತರೆ, ಒಂಬತ್ತು ಸಾಕು ಎಂದು ಇನ್ನು ನಾನೇ ಹೇಳಬೇಕು.